ಜೋಡಿ ಆಟಗಾರನ ಇಪ್ಪತ್ತೆರಡು ವರ್ಷದ ಲೆಕ್ಕ

ಗುಬ್ಬಿಯ ಅಡಿಕೆ ವ್ಯಾಪಾರಿಯೊಬ್ಬರು ನನಗೆ ಹಳೇ ಪರಿಚಯ. ತುಮಕೂರಿಗೆ ಬಂದರೆ ಟೌನ್‌ಹಾಲ್ ಸರ್ಕಲ್ ಹತ್ತಿರ ನನ್ನ ಜತೆ ಒಂದು ಟೀ ಕುಡಿಯದೆ ಹೋಗುವವರಲ್ಲ. ಈಚೆಗೆ ಬಂದಾಗ ಮುಖ ಯಾಕೋ ಸಪ್ಪಗಿತ್ತು. ಧಾರಣೆ ಬಿತ್ತೇನಣ್ಣ ಅಂದೆ. ಅದಲ್ಲವಂತೆ. ಮಗನಿಗೆ ಹದಿನಾಲ್ಕು ವರ್ಷ, ಟೆನಿಸ್ ಹುಚ್ಚು. ವಾರಕ್ಕೆ ಮೂರು ದಿನ ರೈಲು ಹತ್ತಿಸಿ ಬೆಂಗಳೂರಿಗೆ ಕಳಿಸುತ್ತಾರೆ. ಅಲ್ಲಿನ ಕೋಚು, ಹುಡುಗನ ಸರ್ವ್ ಜೋರಾಗಿದೆ, ಕಾಲು ಮಾತ್ರ ನಿಧಾನ, ಡಬಲ್ಸ್ ಕಡೆ ಗಮನ ಕೊಡಿ ಅಂದರಂತೆ.

"ಅಲ್ಲ ಕಣಪ್ಪ, ಡಬಲ್ಸ್ ಅಂದ್ರೆ ಗೊರಬಲು ಮಾಲು ತಾನೆ? ಇಷ್ಟು ದುಡ್ಡು ಸುರಿದು ಗೊರಬಲು ಮಾಡ್ಲಾ ನನ್ನ ಮಗನ್ನ?"

ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟ ನಾನು ಇನ್ನೊಬ್ಬರ ಮಕ್ಕಳ ಭವಿಷ್ಯ ಹೇಳುವುದೆಂತು? ಆದರೆ ಆ ಪ್ರಶ್ನೆಗೆ ಇಡೀ ಬಾಳನ್ನೇ ಉತ್ತರವಾಗಿ ಕೊಟ್ಟ ಮನುಷ್ಯನೊಬ್ಬ ನಮ್ಮ ರಾಜ್ಯದಲ್ಲೇ ಇದ್ದಾರೆ. ಕೊಡಗಿನ ರೋಹನ್ ಬೋಪಣ್ಣ. 2025ರ ನವೆಂಬರ್ 1ರಂದು, ಸರಿಯಾಗಿ ನಮ್ಮ ರಾಜ್ಯೋತ್ಸವದ ದಿನ, ಆಟಕ್ಕೆ ವಿದಾಯ ಹೇಳಿದರು. ವಯಸ್ಸು 45. ಎರಡನೇ ಟೀ ಹೇಳಿ, ಅವರ ಲೆಕ್ಕವನ್ನೇ ಬಿಡಿಸಿ ಹೇಳಿದೆ.

ಮಾದಾಪುರದ ಹುಡುಗ

ಕೊಡಗಿನಲ್ಲಿ ಮಕ್ಕಳ ಕೈಗೆ ಮೊದಲು ಬರುವುದು ಹಾಕಿ ಕೋಲು. ಮಾದಾಪುರದ ಕಾಫಿ ತೋಟದ ಮನೆಯಲ್ಲಿ ಬೆಳೆದ ಈ ಹುಡುಗ ರ‍್ಯಾಕೆಟ್ ಹಿಡಿದದ್ದು ಹನ್ನೊಂದನೇ ವಯಸ್ಸಿಗೆ. ಟೆನಿಸ್ ಲೆಕ್ಕದಲ್ಲಿ ಇದು ತಡವೇ ಸರಿ. ತೋಟದಲ್ಲಿ ಸೌದೆ ಒಡೆದು ತೋಳು ಗಟ್ಟಿ ಮಾಡಿಕೊಂಡವರು. ಆಮೇಲೆ ಮನೆ ಬಿಟ್ಟು ಪುಣೆಗೆ, ನಂದನ್ ಬಾಲ್ ಅವರ ಹತ್ತಿರ ಅಭ್ಯಾಸಕ್ಕೆ. 2003ರಲ್ಲಿ ವೃತ್ತಿಗೆ ಇಳಿದರು.

ಮೊದಲು ಹೊರಟದ್ದು ಒಂಟಿ ಆಟಕ್ಕೇ. 2007ರಲ್ಲಿ ಮುಟ್ಟಿದ 213ನೇ ರ‍್ಯಾಂಕೇ ಸಿಂಗಲ್ಸ್‌ನಲ್ಲಿ ಅವರ ಅತಿ ಎತ್ತರದ ಮೆಟ್ಟಿಲು. ಆ ಜಾಗದಲ್ಲಿ ನಿಂತವನಿಗೆ ದೊಡ್ಡ ಟೂರ್ನಿಯ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಅರ್ಹತಾ ಸುತ್ತು ಆಡಬೇಕು, ವಿಮಾನದ ಖರ್ಚು, ಹೋಟೆಲ್ ಖರ್ಚು ಕೈಯಿಂದ ಹಾಕಬೇಕು. ಆದರೆ ಬೋಪಣ್ಣನ ಕೈಯಲ್ಲಿ ಭಾರಿ ಸರ್ವ್ ಇತ್ತು. ಡಬಲ್ಸ್‌ಗೆ ಅದೇ ಬಂಡವಾಳ.

ಇಲ್ಲಿ ಸ್ವಲ್ಪ ಆಟದ ವಿಷಯ ಹೇಳಬೇಕು, ಬೇಸರ ಬೇಡ. ಒಂಟಿ ಆಟಕ್ಕೆ ಅಂಗಳದ ಅಗಲ 27 ಅಡಿ. ಜೋಡಿ ಆಟಕ್ಕೆ ಎರಡು ಕಡೆಯ ಓಣಿಯೂ ಸೇರಿ 36 ಅಡಿ. ಒಬ್ಬನಿಗೆ ಸಿಗುವ ಜಾಗ ಕಮ್ಮಿ ಆಯಿತು, ಹಾಗಾದರೆ ಸುಲಭ ಅಂತೀರಾ? ಎದುರಿಗೆ ಬಲೆಯ ಹತ್ತಿರ ಒಬ್ಬ ನಿಂತಿರುತ್ತಾನಲ್ಲ, ಅವನ ಕೈಗೆ ಸಿಗದ ಹಾಗೆ ಚೆಂಡು ವಾಪಸ್ ಕಳಿಸಲು ಸಿಗುವುದು ಅರೆಕ್ಷಣ. ಓಟಕ್ಕಿಂತ ಕಣ್ಣು, ಕೈ, ಜತೆಗಾರನ ಮನಸ್ಸು ಓದುವುದು ಮುಖ್ಯ. ಟೂರ್‌ನ ಮಾಮೂಲಿ ಪಂದ್ಯಗಳಲ್ಲಿ 40-40 ಆದರೆ ಒಂದೇ ಪಾಯಿಂಟಿಗೆ ಗೇಮ್ ತೀರ್ಮಾನ. ಮೂರನೇ ಸೆಟ್ಟಿನ ಬದಲು ಹತ್ತು ಪಾಯಿಂಟಿನ ಟೈ-ಬ್ರೇಕ್. ಎರಡು ಚೆಂಡು ತಪ್ಪಿದರೆ ಒಂದು ವಾರದ ಕೂಲಿ ಹೋಯಿತು.

ಗುಬ್ಬಿಯವರಿಗೆ ಇದನ್ನು ನಾಟಕದ ಲೆಕ್ಕದಲ್ಲಿ ಹೇಳಿದೆ. ನಿಮ್ಮೂರ ವೀರಣ್ಣನವರು 'ಸದಾರಮೆ'ಯಲ್ಲಿ ರಾಜಕುಮಾರನ ವೇಷ ಹಾಕಿ ಹೆಸರು ಮಾಡಿದರಾ? ಕಳ್ಳನ ಪಾತ್ರಕ್ಕಲ್ಲವಾ ಜನ ಮುಗಿಬಿದ್ದದ್ದು? ಅಡಿಕೆ ಸಾಹುಕಾರರು ಮೊದಲ ಸಲ ನಕ್ಕರು.

ಜೋಡಿ ಹುಡುಕುವ ಪಾಡು

ಈ ಕಸುಬಿನ ದೊಡ್ಡ ತಾಪತ್ರಯ ಜತೆಗಾರ. ಇಬ್ಬರ ರ‍್ಯಾಂಕನ್ನೂ ಕೂಡಿಸಿ ಟೂರ್ನಿಗೆ ಸೇರಿಸುತ್ತಾರೆ. ನಿಮ್ಮದು ಎಷ್ಟೇ ಚೆನ್ನಾಗಿರಲಿ, ಜತೆಯವನದು ಬಿತ್ತೋ, ನೀವೂ ಹೊರಗೆ. ಗಂಡು ಹೆಣ್ಣು ಜಾತಕ ಕೂಡಿಸುವುದು ಇದಕ್ಕಿಂತ ಸುಲಭ.

ಬೋಪಣ್ಣನಿಗೆ ಮೊದಲು ಕೂಡಿಬಂದ ಜೋಡಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ. 'ಇಂಡೋ-ಪಾಕ್ ಎಕ್ಸ್‌ಪ್ರೆಸ್' ಅಂತ ಪತ್ರಿಕೆಯವರು ಹೆಸರಿಟ್ಟರು. 'ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ' ಎಂಬುದು ಅವರ ಘೋಷಣೆ. 2010ರಲ್ಲಿ ಅಮೆರಿಕನ್ ಓಪನ್ ಫೈನಲ್‌ಗೆ ಬಂದಾಗ ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶದ ರಾಯಭಾರಿಗಳು ಅಕ್ಕಪಕ್ಕ ಕೂತು ನೋಡಿದರು. ಅಮೆರಿಕದ ಬ್ರಯಾನ್ ಸೋದರರ ಎದುರು ಎರಡೂ ಸೆಟ್ ಟೈ-ಬ್ರೇಕ್‌ನಲ್ಲಿ ಕಳೆದುಕೊಂಡರು. ಅದೇ ತಿಂಗಳು ಚೆನ್ನೈನಲ್ಲಿ ಡೇವಿಸ್ ಕಪ್. ಬ್ರೆಜಿಲ್ ಎದುರು ಭಾರತ 0-2 ಹಿಂದಿತ್ತು. ಸಮ ಆಗಿ ಕೊನೇ ಪಂದ್ಯಕ್ಕೆ ಬಂದಾಗ, ಸಿಂಗಲ್ಸ್ ಬಿಟ್ಟವನೆಂದು ಜನ ಅಂದುಕೊಂಡಿದ್ದ ಇದೇ ಬೋಪಣ್ಣ ರಿಕಾರ್ಡೊ ಮೆಲ್ಲೊನನ್ನು ಒಂಟಿಯಾಗಿ ಸೋಲಿಸಿ 3-2 ಮಾಡಿದರು.

2012ರ ಲಂಡನ್ ಒಲಿಂಪಿಕ್ಸ್ ರಂಪ ನಿಮಗೆ ನೆನಪಿರಬಹುದು. ಲಿಯಾಂಡರ್ ಪೇಸ್ ಜತೆ ಆಡಲಾರೆವು ಅಂತ ಭೂಪತಿ, ಬೋಪಣ್ಣ ಇಬ್ಬರೂ ಹಟ ಹಿಡಿದರು. ಯಾರದು ಸರಿ ಯಾರದು ತಪ್ಪು, ಆ ಪಂಚಾಯ್ತಿ ಬೇಡ. ಕೊನೆಗೆ ಇವರಿಬ್ಬರೇ ಜೋಡಿಯಾಗಿ ಹೋಗಿ ಎರಡನೇ ಸುತ್ತಿನಲ್ಲಿ ಸೋತು ಬಂದರು. 2016ರ ರಿಯೋದಲ್ಲಿ ಸಾನಿಯಾ ಮಿರ್ಜಾ ಜತೆ ಕಂಚಿನ ಪಂದ್ಯದವರೆಗೆ ಹೋಗಿ ನಾಲ್ಕನೇ ಸ್ಥಾನ. 2017ರಲ್ಲಿ ಕೆನಡಾದ ಗ್ಯಾಬ್ರಿಯೆಲಾ ಡಬ್ರೋವ್ಸ್ಕಿ ಜತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಮೊದಲ ಗ್ರಾಂಡ್ ಸ್ಲಾಂ. ಆದರೆ ಪುರುಷರ ಡಬಲ್ಸ್ ಕಪ್ಪು ಮಾತ್ರ ಕೈಗೆ ಸಿಗಲೇ ಇಲ್ಲ.

ಸಮುದ್ರದ ಮುಂದೆ

ಅಷ್ಟೊತ್ತಿಗೆ ಮಂಡಿ ಹೋಗಿತ್ತು. ಕೀಲಿನ ಮೆತ್ತೆ ಸವೆದು ದಿನಕ್ಕೆ ಎರಡು ಮೂರು ನೋವಿನ ಮಾತ್ರೆ. 2021ರಲ್ಲಂತೂ ವರ್ಷದ ಮೊದಲ ತಿಂಗಳುಗಳಲ್ಲಿ ಒಂದು ಪಂದ್ಯವೂ ಗೆಲುವಿಲ್ಲ. ಪೋರ್ಚುಗಲ್‌ನಲ್ಲಿ ಸೋತ ಮೇಲೆ ಸಮುದ್ರ ನೋಡುತ್ತಾ ಕೂತು, ಇದು ಯಾಕೆ ಬೇಕು, ಮನೆಗೆ ಹೋಗಿಬಿಡೋಣ ಅನ್ನಿಸಿತ್ತು ಎಂದು ಮುಂದೆ ಅವರೇ ಹೇಳಿಕೊಂಡರು. ಮನೆಯಲ್ಲಿ ಹೆಂಡತಿ, ಪುಟ್ಟ ಮಗಳು. ವಯಸ್ಸು 41. ನಮ್ಮ ಕುಣಿಗಲ್ ಫಾರಂನಲ್ಲಿ ಹುಟ್ಟಿದ ರೇಸಿನ ಕುದುರೆ ಎರಡು ವರ್ಷಕ್ಕೇ ಓಟಕ್ಕಿಳಿಯುತ್ತೆ, ಸಾಮಾನ್ಯವಾಗಿ ಹತ್ತು ತುಂಬುವ ಮೊದಲೇ ರೇಸ್ ಬಿಟ್ಟಿರುತ್ತೆ. ಟೆನಿಸ್‌ನಲ್ಲಿ 41 ಅಂದರೆ ಅದಕ್ಕಿಂತ ಹೆಚ್ಚಲ್ಲವೇ?

ಕೈಹಿಡಿದದ್ದು ಅಯ್ಯಂಗಾರ್ ಯೋಗ. ಹಗ್ಗ, ಕುರ್ಚಿ, ದಿಂಬು ಇಟ್ಟುಕೊಂಡು ಮಾಡಿಸುತ್ತಾರಲ್ಲ, ಅದು. ಕಾಲಿನ ಸ್ನಾಯು ಗಟ್ಟಿಯಾಗಿ ಮಂಡಿಯ ಭಾರ ಇಳಿಯಿತು, ಮಾತ್ರೆ ನಿಂತಿತು. 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೋಡಿಯಾದರು. ಆ ವರ್ಷ ಇಂಡಿಯನ್ ವೆಲ್ಸ್ ಗೆಲುವು, ಅಮೆರಿಕನ್ ಓಪನ್ ಫೈನಲ್‌ನಲ್ಲಿ ಮತ್ತೆ ಸೋಲು.

2024ರ ಜನವರಿ 27, ಶನಿವಾರ. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್. ಎದುರಾಳಿಗಳು ಇಟಲಿಯ ಬೊಲೆಲ್ಲಿ ಮತ್ತು ವಾವಸ್ಸೋರಿ. ಮೊದಲ ಸೆಟ್ಟಿನ ಟೈ-ಬ್ರೇಕ್ ಏಳಕ್ಕೆ ಸೊನ್ನೆ! ಎರಡನೆಯದು 7-5. ಅಲ್ಲಿ ರಾತ್ರಿ, ನಮಗೆ ಸಂಜೆ. ನಮ್ಮ ಪತ್ರಿಕೆ ಆಗಲೇ ಅಚ್ಚಾಗಿ ಬಸ್ ಸ್ಟ್ಯಾಂಡಿನಲ್ಲಿ ಮಾರಾಟವಾಗುತ್ತಿತ್ತು, ಸುದ್ದಿ ತಪ್ಪಿಹೋಯಿತು ಅಂತ ನಾನು ಕೈಕೈ ಹಿಸುಕಿಕೊಂಡೆ. 61ನೇ ಪ್ರಯತ್ನ, ಹತ್ತೊಂಬತ್ತು ಜನ ಜತೆಗಾರರು ಬದಲಾದ ಮೇಲೆ ಬಂದ ಕಪ್ಪು ಅದು. ಎರಡು ದಿನ ಬಿಟ್ಟು ಡಬಲ್ಸ್‌ನಲ್ಲಿ ಜಗತ್ತಿಗೇ ನಂಬರ್ ಒನ್, 43ನೇ ವಯಸ್ಸಿನಲ್ಲಿ. ಅಷ್ಟು ದೊಡ್ಡ ವಯಸ್ಸಿಗೆ ಮೊದಲ ಸಲ ಆ ಪಟ್ಟ ಹತ್ತಿದವರು ಅವರ ಮುಂಚೆ ಯಾರೂ ಇರಲಿಲ್ಲ. ಅದೇ ವಾರ ಪದ್ಮಶ್ರೀ.

ದುಡ್ಡಿನ ಮಾತು

ಸಾಹುಕಾರರು ಕೇಳದೆ ಬಿಡುತ್ತಾರಾ? ಆ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದವನಿಗೆ 31 ಲಕ್ಷ 50 ಸಾವಿರ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಜೋಡಿಗೆ 7 ಲಕ್ಷ 30 ಸಾವಿರ, ಅದನ್ನು ಇಬ್ಬರೂ ಹಂಚಿಕೊಳ್ಳಬೇಕು. ಒಬ್ಬನಿಗೆ 3 ಲಕ್ಷ 65 ಸಾವಿರ. ಎಂಟರಲ್ಲಿ ಒಂದು ಪಾಲೂ ಇಲ್ಲ. ಅದೂ ತುತ್ತತುದಿಗೆ ಹೋದವನಿಗೆ. ಸಣ್ಣ ಊರಿನ ಟೂರ್ನಿಗಳಲ್ಲಿ ಗೆದ್ದರೂ ಪ್ರಯಾಣದ ಖರ್ಚು ಹುಟ್ಟುವುದು ಕಷ್ಟ. ಇದನ್ನು ಮುಚ್ಚಿಟ್ಟು ಹುಡುಗನನ್ನು ಕಳಿಸಿ ಅನ್ನಲು ನನಗೆ ಮನಸ್ಸು ಬರಲಿಲ್ಲ.

ಇನ್ನೊಂದು ಕಹಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೋಪಣ್ಣ ಭಾರತದ ಪರ ಶ್ರೀರಾಮ್ ಬಾಲಾಜಿ ಜತೆ ಆಡಿ ಮೊದಲ ಸುತ್ತಿನಲ್ಲೇ ಸೋತರು. ಅವರದೇ ಜತೆಗಾರ ಎಬ್ಡೆನ್, ತನ್ನ ದೇಶದ ಜಾನ್ ಪಿಯರ್ಸ್ ಜತೆ ಸೇರಿ ಚಿನ್ನ ಗೆದ್ದ. ಆಸ್ಟ್ರೇಲಿಯನ್ ಓಪನ್ ಕಪ್ಪು ಇಬ್ಬರದೂ ಹೌದು, ಒಲಿಂಪಿಕ್ಸ್ ಪದಕ ಒಬ್ಬನದೇ ಆಯಿತು.

ಹಾಗಂತ ಈ ಆಟ ಗೊರಬಲು ಅನ್ನುವವರಿಗೆ 2025ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪಾಠ ಆಯಿತು. ಅಮೆರಿಕನ್ ಓಪನ್‌ನವರು ಮಿಶ್ರ ಡಬಲ್ಸ್‌ಗೆ ಜನ ಸೇರಲಿ ಅಂತ ಸಿಂಗಲ್ಸ್ ತಾರೆಯರನ್ನೇ ತುಂಬಿದರು. ಗೆದ್ದ ಜೋಡಿಗೆ ಹತ್ತು ಲಕ್ಷ ಡಾಲರ್. ಡಬಲ್ಸ್ ಕಸುಬಿನವರಿಗೆ ಜಾಗವೇ ಇಲ್ಲ ಅಂತ ಕೂಗೆದ್ದಿತು. ಹಿಂದಿನ ವರ್ಷ ಗೆದ್ದವರೆಂದು ಒಳಗೆ ಬಿಟ್ಟ ಇಟಲಿಯ ಎರ್ರಾನಿ ಮತ್ತು ವಾವಸ್ಸೋರಿ ತಾರೆಗಳನ್ನೆಲ್ಲ ಮಣಿಸಿ ಕಪ್ಪನ್ನೂ ಹಣವನ್ನೂ ಹೊತ್ತುಕೊಂಡು ಹೋದರು. ಹೌದು, ಅದೇ ವಾವಸ್ಸೋರಿ. ಮೆಲ್ಬರ್ನ್‌ನಲ್ಲಿ ನಮ್ಮ ಬೋಪಣ್ಣನ ಕೈಯಲ್ಲಿ ಸೋತವನು.

ಟೀ ಲೋಟ ಕೆಳಗಿಟ್ಟು ಸಾಹುಕಾರರು ಏನೂ ಹೇಳದೆ ಎದ್ದರು. ದುಡ್ಡು ಮಾತ್ರ ಅವರೇ ಕೊಟ್ಟರು.

ಹೋದ ವಾರ ಫೋನು ಬಂತು. ಹುಡುಗ ದಿನಾ ಸಂಜೆ ಅಡಿಕೆ ಗೋದಾಮಿನ ಗೋಡೆಗೆ ಚೆಂಡು ಹೊಡೆಯುತ್ತಿದ್ದಾನಂತೆ. ಬೆಂಗಳೂರಿನ ಕ್ಲಾಸು ನಿಲ್ಲಿಸಿಲ್ಲವಂತೆ. "ಅದಿರ್ಲಿ ಕಣಪ್ಪ, ಪೇಪರ್‌ನೋನು ನೀನು, ನಾಲ್ಕು ಜನ ಗೊತ್ತಿರ್ತಾರೆ. ತುಮಕೂರು ಕಡೆ ಇವನ ಜತೆ ಆಡೋ ಇನ್ನೊಬ್ಬ ಹುಡುಗ ಯಾರಾದ್ರೂ ಇದ್ರೆ ನೋಡು, ಎಡಗೈನೋನಾದ್ರೆ ಇನ್ನೂ ಒಳ್ಳೇದಂತೆ."