ಸೇನೆಯ ಉಗ್ರಾಣದಿಂದ ವಿಮಾನದ ಬಾಗಿಲಿಗೆ

ನಿವೃತ್ತ ಸೈನಿಕರ ಅನುಭವ ಮತ್ತು ನಮ್ಮ ಭಾಗದ ವ್ಯಾಪಾರೋದ್ಯಮ

ಬೀದರ್ ಜಿಲ್ಲೆಯ ಜನರಿಗೆ ವಿಮಾನದ ಸದ್ದು ಹೊಸದಲ್ಲ. ಇಲ್ಲಿನ ವಾಯುಸೇನಾ ನೆಲೆಯಲ್ಲಿ ಪೈಲಟ್‌ಗಳ ತರಬೇತಿ ದಶಕಗಳಿಂದ ನಡೆದು ಬಂದಿದೆ; ಹೆಸರಾಂತ ಸೂರ್ಯಕಿರಣ ತಂಡದ ನೆಲೆಯೂ ಇದೇ ಆಗಿದೆ. ಆದರೆ ಅದೇ ರನ್‌ವೇಯಿಂದ ಸಾಮಾನ್ಯ ಪ್ರಯಾಣಿಕನು ಬೆಂಗಳೂರಿಗೆ ಹಾರಲು 2020ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2019ರ ನವೆಂಬರ್‌ನಲ್ಲಿ, ಕಲಬುರಗಿಯ ನಿಲ್ದಾಣವೂ ಆರಂಭಗೊಂಡಿತ್ತು. ಬೀದರ್‌ನ ಸೇವೆ ನಡುವೆ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಚಾಲನೆ ಪಡೆಯಿತು. ಸೇನೆಯ ನೆಲ ನಾಗರಿಕರ ಉಪಯೋಗಕ್ಕೂ ಬಂದ ಬಗೆ ಇದು. ಸೇನೆಯಲ್ಲಿ ದುಡಿದ ಮನುಷ್ಯನ ಅನುಭವ ಹೀಗೆ ನಾಗರಿಕ ಬದುಕಿಗೆ ಬರುತ್ತಿದೆಯೇ ಎಂಬುದು ಈ ಲೇಖನದ ಪ್ರಶ್ನೆ.

ಪ್ರಶ್ನೆ ಈಗಲೇ ಏಕೆ?

ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಪ್ರಕಟವಾಯಿತು. ಭೂಸೇನೆಯ ಮೊದಲ ತಂಡದ ತರಬೇತಿ 2023ರ ಆರಂಭದಲ್ಲಿ ಶುರುವಾಯಿತು. ನಾಲ್ಕು ವರ್ಷಗಳ ಅವಧಿ ಮುಗಿದ ಬಳಿಕ ಶೇ. 25ರವರೆಗಿನವರಿಗೆ ಮಾತ್ರ ಸೇನೆಯಲ್ಲಿ ಮುಂದುವರಿಯುವ ಅವಕಾಶವಿದ್ದು, ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿಯೊಂದಿಗೆ, ಪಿಂಚಣಿಯಿಲ್ಲದೆ, ಊರಿಗೆ ಮರಳಬೇಕು. ಹಿಂದಿನ ಪದ್ಧತಿಯಲ್ಲಿ ಹದಿನೈದು ಹದಿನೇಳು ವರ್ಷ ದುಡಿದು ಬಂದವನಿಗೆ ಪಿಂಚಣಿಯ ಆಸರೆಯಿತ್ತು. ಇಪ್ಪತ್ತೈದರ ಆಸುಪಾಸಿನ ಈ ತರುಣನಿಗೆ ಎರಡನೆಯ ಉದ್ಯೋಗವೇ ಮುಖ್ಯ ಜೀವನಾಧಾರ. ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಾಗಲಿ, ಬಸವಕಲ್ಯಾಣ ಸೀಮೆಯ ಯಾವುದೇ ಹಳ್ಳಿಯಾಗಲಿ, ಹೀಗೆ ಮರಳುವವರನ್ನು ಕಾವಲುಗಾರನ ಕೆಲಸಕ್ಕಷ್ಟೇ ಯೋಗ್ಯರೆಂದು ಬಗೆದರೆ ನಷ್ಟ ಅವರಿಗಷ್ಟೇ ಅಲ್ಲ, ನಮಗೂ ಹೌದು.

ಸೇನೆಯಲ್ಲಿ ಕಲಿತದ್ದೇನು?

ಎಲ್ಲ ಸೈನಿಕರೂ ಬಂದೂಕು ಹಿಡಿದು ಗಡಿಯಲ್ಲಿ ನಿಲ್ಲುವವರಲ್ಲ. ಬೆಂಗಳೂರಿನಲ್ಲಿ ತರಬೇತಿ ಕೇಂದ್ರವಿರುವ ಆರ್ಮಿ ಸರ್ವೀಸ್ ಕೋರ್ (ಎ.ಎಸ್.ಸಿ.) ಸೇನೆಯ ಪಡಿತರ, ಇಂಧನ ಮತ್ತು ಸಾಗಣೆಯ ಹೊಣೆ ಹೊತ್ತ ದಳ. ಸಿಯಾಚಿನ್ ಮತ್ತು ಈಶಾನ್ಯದ ದುರ್ಗಮ ಠಾಣೆಗಳಿಗೆ ವಿಮಾನದಿಂದ ಇಳಿಸುವ ಸಾಮಗ್ರಿಯನ್ನು ಕಟ್ಟಿ, ತೂಗಿ, ವಿಮಾನಕ್ಕೆ ಏರಿಸುವ ತುಕಡಿಗಳೂ ಇದರಲ್ಲಿವೆ. ಇದಲ್ಲದೆ 'ಸ್ಟೋರ್ ಕೀಪರ್ ಟೆಕ್ನಿಕಲ್' ಎಂಬ ವರ್ಗವೇ ಸೇನೆಯಲ್ಲಿದೆ. ದಾಸ್ತಾನು ಪುಸ್ತಕ ಬರೆಯುವುದು, ಬಂದ ಮಾಲನ್ನು ಎಣಿಸಿ ಸಹಿ ಮಾಡುವುದು, ಭಾರವನ್ನು ಸಮತೋಲವಾಗಿ ಹೇರುವುದು ಇವರ ನಿತ್ಯದ ಕಾಯಕ.

ವಿಮಾನ ಕಂಪನಿಗಳ ನೆಲದ ಕೆಲಸವಾದ ಗ್ರೌಂಡ್ ಹ್ಯಾಂಡ್ಲಿಂಗ್ ಇದರಿಂದ ಬಹು ದೂರವೇನಿಲ್ಲ. ವಿಮಾನ ನಿಂತೊಡನೆ ಗಾಲಿಗೆ ಅಡ್ಡಕಟ್ಟೆ ಇಡುವುದು, ಸಾಮಾನು ಇಳಿಸಿ ಏರಿಸುವುದು, ಸರಕು ಸ್ವೀಕರಿಸುವುದು, ಪ್ರಯಾಣಿಕರು, ಸಾಮಾನು ಮತ್ತು ಇಂಧನದ ಭಾರವನ್ನು ಲೆಕ್ಕ ಹಾಕಿ 'ಲೋಡ್ ಅಂಡ್ ಟ್ರಿಮ್ ಶೀಟ್' ಸಿದ್ಧಪಡಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಆ ಹಾಳೆಗೆ ವಿಮಾನದ ಕ್ಯಾಪ್ಟನ್ ಸಹಿ ಹಾಕದೆ ವಿಮಾನ ಹೊರಡುವಂತಿಲ್ಲ.

ಬದಲಾಗುವುದೇನು?

ಆದರೂ ದಾಟುವುದು ಸುಲಭವೆಂದು ಭಾವಿಸಬಾರದು. ಮೊದಲನೆಯದು ಸಮಯ. ಸೇನೆಯಲ್ಲಿ ಸಾಮಗ್ರಿ ತಲುಪುವುದು ಮುಖ್ಯ, ಖರ್ಚು ಆಮೇಲಿನ ಮಾತು. ಕಡಿಮೆ ದರದ ವಿಮಾನ ಕಂಪನಿಗಳಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ವಿಮಾನ ಮತ್ತೆ ಹೊರಡಬೇಕು. ನಿಂತಷ್ಟು ಹೊತ್ತೂ ನಷ್ಟವೇ. ಎರಡನೆಯದು ಹುದ್ದೆ. ಹವಾಲ್ದಾರನಾಗಿ ಹತ್ತಾರು ಜನರನ್ನು ನಡೆಸಿದವನು ಇಲ್ಲಿ ತನಗಿಂತ ಚಿಕ್ಕವನಾದ ಮೇಲ್ವಿಚಾರಕನ ಮಾತು ಕೇಳಬೇಕಾದೀತು. ಮೂರನೆಯದು ಕಾಗದಪತ್ರ. ವಿಮಾನ ನಿಲ್ದಾಣದೊಳಗೆ ದುಡಿಯಲು ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆಯ (ಬಿ.ಸಿ.ಎ.ಎಸ್.) ಪ್ರವೇಶ ಪತ್ರ ಬೇಕು, ಅದಕ್ಕೆ ಪೂರ್ವಾಪರ ಪರಿಶೀಲನೆ ಆಗಬೇಕು. ಅಪಾಯಕಾರಿ ವಸ್ತುಗಳ ತರಬೇತಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಸೇನೆಯಲ್ಲಿ ಎಷ್ಟೇ ಮಾಲು ಹೇರಿದ್ದರೂ ಈ ಪ್ರಮಾಣಪತ್ರಗಳಿಗೆ ವಿನಾಯಿತಿಯಿಲ್ಲ.

ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಸೇನೆ ತೊರೆದು, ಕೃಷಿ ಮಾಡಿ, ಬಳಿಕ ಹೆಲಿಕಾಪ್ಟರ್ ಸೇವೆಯನ್ನೂ 2003ರಲ್ಲಿ ಏರ್ ಡೆಕ್ಕನ್ನನ್ನೂ ಆರಂಭಿಸಿದ್ದು ಕನ್ನಡಿಗರಿಗೆ ತಿಳಿದ ಸಂಗತಿ. ಆದರೆ ಅದು ಅಧಿಕಾರಿಯೊಬ್ಬರ ಸಾಹಸ. ನಮ್ಮ ಹಳ್ಳಿಗಳಿಂದ ಹೋದವರು ಬಹುಪಾಲು ಜವಾನರು. ಅವರಿಗೆ ಬೇಕಾದುದು ತಮ್ಮ ಸೇವೆಯನ್ನು ನಾಗರಿಕ ಭಾಷೆಯಲ್ಲಿ ಹೇಳಿಕೊಳ್ಳುವ ಜಾಣ್ಮೆ. "ಎ.ಎಸ್.ಸಿ.ಯಲ್ಲಿದ್ದೆ" ಎಂದರೆ ಉದ್ಯೋಗದಾತನಿಗೆ ಏನೂ ತಿಳಿಯದು. ಇಷ್ಟು ಟನ್ ದಾಸ್ತಾನು, ಇಷ್ಟು ವಾಹನ, ಇಷ್ಟು ಜನರ ಹೊಣೆ ಹೊತ್ತಿದ್ದೆ ಎಂದು ಅರ್ಜಿಯಲ್ಲಿ ಬರೆದರೆ ತಿಳಿಯುತ್ತದೆ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವು ನಿವೃತ್ತಿಯಾಗುವ ಸೈನಿಕರಿಗೆ ಸೇವೆಯ ಕೊನೆಯ ಅವಧಿಯಲ್ಲೇ ಉದ್ಯೋಗ ತರಬೇತಿಗಳನ್ನು ನಡೆಸುತ್ತದೆ. ಅರ್ಹರಾದವರು ಊರಿಗೆ ಬಂದ ಮೇಲೆ ಪರಿತಪಿಸುವುದಕ್ಕಿಂತ ಮೊದಲೇ ಅವನ್ನು ಬಳಸಿಕೊಳ್ಳುವುದು ಲೇಸು.

ವರ್ತಕರಿಗೆ ಇದರಿಂದೇನು?

ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿರುವ ಹುಮನಾಬಾದಿನ ಉದ್ದಿಮೆದಾರನು ಮಾಲನ್ನು ವಿಮಾನದಲ್ಲಿ ಕಳುಹಿಸುವಾಗ ಎರಡು ಕಡೆ ಎಡವುತ್ತಾನೆ. ಒಂದು, ತೂಕ. ವಿಮಾನ ಸರಕಿಗೆ ನಿಜವಾದ ತೂಕ ಮತ್ತು ಗಾತ್ರದ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ. ಗಾತ್ರದ ತೂಕಕ್ಕೆ ಸಾಮಾನ್ಯವಾಗಿ 6,000 ಘನ ಸೆಂಟಿಮೀಟರಿಗೆ ಒಂದು ಕಿಲೋ ಎಂಬ ಲೆಕ್ಕವಿದೆ. 60, 50, 40 ಸೆಂ.ಮೀ. ಅಳತೆಯ ಪೆಟ್ಟಿಗೆಯಲ್ಲಿ 12 ಕಿಲೋ ಮಾಲಿದ್ದರೂ ಬಾಡಿಗೆ 20 ಕಿಲೋಗೆ! ಪೆಟ್ಟಿಗೆಯ ಎತ್ತರವನ್ನು 40ರಿಂದ 30ಕ್ಕೆ ಇಳಿಸಿ ಕಟ್ಟಬಲ್ಲವನು 5 ಕಿಲೋ ಬಾಡಿಗೆ ಉಳಿಸುತ್ತಾನೆ. ಎರಡು, ಘೋಷಣೆ. ರಾಸಾಯನಿಕ, ಬಣ್ಣ, ಬ್ಯಾಟರಿಗಳನ್ನು ಸಾಮಾನ್ಯ ಸರಕೆಂದು ಬರೆದು ಕಳುಹಿಸುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಕಟ್ಟುವ, ತೂಗುವ, ಬರೆದಿಡುವ ಶಿಸ್ತು ಮೈಗೂಡಿದ ಮಾಜಿ ಸೈನಿಕನೊಬ್ಬ ನಮ್ಮ ಗೋದಾಮಿನಲ್ಲಿದ್ದರೆ ಈ ಎರಡೂ ತಪ್ಪುಗಳನ್ನು ಬಾಗಿಲಲ್ಲೇ ತಡೆಯಬಲ್ಲನು.

ಬೀದರ್, ಕಲಬುರಗಿಯಂತಹ ಸಣ್ಣ ನಿಲ್ದಾಣಗಳಲ್ಲಿ ಹುದ್ದೆಗಳು ಕೆಲವೇ. ವಿಮಾನ ನಿಂತರೆ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಈ ವೃತ್ತಿಯನ್ನು ಬಯಸುವವನು ಹೈದರಾಬಾದ್, ಬೆಂಗಳೂರಿಗೆ ಹೋಗಲು ಸಿದ್ಧನಿರಬೇಕು. ಹೋಗಲೊಲ್ಲದವನಿಗೆ ಇಲ್ಲಿಯೇ ಸಾರಿಗೆ ಕಚೇರಿ, ಉಗ್ರಾಣ, ಶೀತಲಗೃಹಗಳಿವೆ. ಅಲ್ಲಿ ಬೇಕಾದ ವಿದ್ಯೆಯೂ ಇದೇ.

ಮುಂದಿನ ಬಾರಿ ಮಾಜಿ ಸೈನಿಕನೊಬ್ಬ ಅರ್ಜಿ ಹಿಡಿದು ಅಂಗಡಿಗೆ ಬಂದಾಗ, ಎಷ್ಟು ವರ್ಷ ಸೇವೆ ಎಂದಷ್ಟೇ ಕೇಳಿ ಕಳುಹಿಸದಿರೋಣ. ಸೇನೆಯಲ್ಲಿ ಯಾವ ಕೆಲಸ ಮಾಡುತ್ತಿದ್ದಿರಿ ಎಂದು ಕೇಳೋಣ. ಅವರ ಉತ್ತರದಲ್ಲಿ ನಮ್ಮ ವ್ಯಾಪಾರಕ್ಕೆ ಬೇಕಾದ ಕೈ ಇದ್ದೀತು.