ಲಕ್ವ ಮರುಕಳಿಸದಂತೆ ದಂಪತಿಗಳು ವಹಿಸಬೇಕಾದ ಎಚ್ಚರ

ಹಳ್ಳಿಗಳಲ್ಲಿ ಲಕ್ವವೆಂದು ಕರೆಯಲ್ಪಡುವ ಪಾರ್ಶ್ವವಾಯುವು ಕೈಕಾಲುಗಳ ರೋಗವಲ್ಲ, ಮೆದುಳಿನ ರೋಗ. ಮೆದುಳಿಗೆ ರಕ್ತವನ್ನೊಯ್ಯುವ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿದಾಗ, ಇಲ್ಲವೇ ನಾಳವೇ ಒಡೆದಾಗ, ಅಂಗಗಳು ಸ್ವಾಧೀನ ತಪ್ಪುತ್ತವೆ. ಒಮ್ಮೆ ಲಕ್ವವಾದವರಿಗೆ ಅದು ಮತ್ತೆ ತಗಲುವ ಸಂಭವ ಇತರರಿಗಿಂತ ಹೆಚ್ಚು. ಮೊದಲ ಮೂರು ತಿಂಗಳುಗಳಲ್ಲಂತೂ ಬಹಳ ಹೆಚ್ಚು.

ಆದರೆ ನಡೆಯುವುದೇನು? ರೋಗಿಯು ಜಿಲ್ಲಾ ಆಸ್ಪತ್ರೆಯಿಂದ ಮನೆಗೆ ಬರುತ್ತಾನೆ. ಕೈ ಕೊಂಚ ಮೇಲೇಳುತ್ತಲೇ ಕಾಯಿಲೆ ವಾಸಿಯಾಯಿತೆಂದು ಮಾತ್ರೆಗಳನ್ನು ನಿಲ್ಲಿಸುತ್ತಾನೆ. ಆಸ್ಪತ್ರೆಯ ಬಿಡುಗಡೆ ಚೀಟಿ ಪೆಟ್ಟಿಗೆ ಸೇರುತ್ತದೆ. ರಕ್ತದ ಒತ್ತಡ ಏರಿದರೂ ನೋವು ಕಾಣಿಸದಾದ್ದರಿಂದ ಯಾರಿಗೂ ತಿಳಿಯುವುದಿಲ್ಲ.

ಮನೆಗೆ ಬಂದ ವಾರದೊಳಗೆ ಆ ಚೀಟಿಯನ್ನು ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ತೋರಿಸತಕ್ಕದ್ದು. ರಕ್ತದ ಒತ್ತಡವು ಸಾಮಾನ್ಯವಾಗಿ 130/80ಕ್ಕಿಂತ ಕೆಳಗಿರುವುದು ಲೇಸು. ಬೀಡಿ, ಹೊಗೆಸೊಪ್ಪುಗಳನ್ನು ಪೂರ್ಣವಾಗಿ ತ್ಯಜಿಸಬೇಕು. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚೆ ಮೀರಬಾರದು. ಉಪ್ಪಿನಕಾಯಿ, ಹಪ್ಪಳಗಳಲ್ಲಿರುವುದೂ ಈ ಲೆಕ್ಕಕ್ಕೆ ಸೇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ನಾಳ ಒಡೆದು ಆದ ಲಕ್ವದಲ್ಲಿ ಅಪಾಯವನ್ನು ತರಬಲ್ಲುದು. ಆದುದರಿಂದ ನೆರೆಮನೆಯ ರೋಗಿಯ ಮಾತ್ರೆಯನ್ನು ಎರವಲು ತಂದು ನುಂಗಬಾರದು.

ಲಕ್ವವಾದದ್ದು ಪತ್ನಿಗಾದರೆ ಇನ್ನೊಂದು ವಿಷಯವುಂಟು. ಕೇಳಲು ಅನೇಕರು ಸಂಕೋಚಪಡುವ ವಿಷಯವಿದು. ಗರ್ಭನಿರೋಧಕ ಮಾಲಾ-ಎನ್ ಮಾತ್ರೆಯಲ್ಲಿರುವ ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುತ್ತದೆ. ಒಮ್ಮೆ ಲಕ್ವವಾದ ಸ್ತ್ರೀಯು ಅದನ್ನು ಸೇವಿಸಕೂಡದು. ರಕ್ತದ ಒತ್ತಡ ಹೆಚ್ಚಿರುವವರೂ ವೈದ್ಯರನ್ನು ಕೇಳದೆ ಸೇವಿಸಲಾಗದು. ಕಾಪರ್-ಟಿ ಇದೆ, ನಿರೋಧ್ ಇದೆ. ಮಕ್ಕಳು ಸಾಕೆಂದಿದ್ದರೆ ಪತಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು. ಆ ಚಿಕಿತ್ಸೆ ಸ್ತ್ರೀಯರದಕ್ಕಿಂತ ಸರಳವಾದುದು. ಲಕ್ವಕ್ಕೆ ಚಿಕಿತ್ಸೆ ನೀಡಿದ ವೈದ್ಯರಿಗೆ ಮಾಲಾ-ಎನ್ ವಿಷಯ ತಿಳಿದಿರಲಾರದು. ಮಾಲಾ-ಎನ್ ಕೊಟ್ಟ ಕಾರ್ಯಕರ್ತೆಗೆ ಲಕ್ವದ ವಿಷಯ ತಿಳಿದಿರಲಾರದು. ಇಬ್ಬರಿಗೂ ತಿಳಿಸಬಲ್ಲವರು ದಂಪತಿಗಳೇ.

ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ತೋಳು ಕೆಳಗೆ ಜಾರಿದರೆ, ಮಾತು ತೊದಲಿದರೆ, ಕೆಲವೇ ನಿಮಿಷಗಳಲ್ಲಿ ಸರಿಹೋದರೂ ಸರಿಯೇ, ತಕ್ಷಣ 108ಕ್ಕೆ ಕರೆಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಪಾರಿವಾಳದ ರಕ್ತ ಸವರುತ್ತ ಕುಳಿತರೆ ಆ ಹೊತ್ತು ಕಳೆದುಹೋಗುತ್ತದೆ. ಹೊರಡುವಾಗ ಹಳೆಯ ಚೀಟಿಯನ್ನೂ ಸೇವಿಸುತ್ತಿರುವ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ರೋಗಿಯು ಕೊನೆಯದಾಗಿ ಎಷ್ಟು ಹೊತ್ತಿನವರೆಗೆ ಚೆನ್ನಾಗಿದ್ದನೆಂಬುದನ್ನು ವೈದ್ಯರು ಮೊದಲು ಕೇಳುತ್ತಾರೆ.