ಪಾರ್ಶ್ವವಾಯು: ಸ್ನಾಯುಗಳ ಮೇಳ ಮತ್ತೆ ಕೂಡುವ ಬಗೆ

ಕೋಪರಖೈರಣೆಯ ಯಾವುದಾದರೊಂದು ಉಡುಪಿ ಹೋಟೆಲಿನಲ್ಲಿ ಕಾವಲಿಯ ಮೇಲೆ ದೋಸೆ ಹುಯ್ಯುವ ಕೈಯನ್ನು ಗಮನಿಸಿರಿ. ಭುಜ ಮುಂದೆ ಸಾಗುತ್ತದೆ, ಮೊಣಕೈ ಬಿಚ್ಚುತ್ತದೆ, ಮಣಿಕಟ್ಟು ಸುತ್ತುತ್ತದೆ. ಬೆರಳುಗಳು ಮಾತ್ರ ಸೌಟನ್ನು ಬಿಡುವುದಿಲ್ಲ. ಹತ್ತಾರು ಸ್ನಾಯುಗಳ ಈ ದುಡಿಮೆಯಲ್ಲಿ ಮೆದುಳು ಒಂದೊಂದಕ್ಕೂ ಪ್ರತ್ಯೇಕವಾಗಿ ಅಪ್ಪಣೆ ಕೊಡುವುದಿಲ್ಲವೆಂದೂ, ಕೆಲವನ್ನು ಒಂದು ಮೇಳವಾಗಿ ಕೂಡಿಸಿ ದುಡಿಸುತ್ತದೆಂದೂ ಅನೇಕ ಶರೀರಶಾಸ್ತ್ರಜ್ಞರು ಭಾವಿಸುತ್ತಾರೆ. 1920ರ ದಶಕದಲ್ಲಿ ಮಾಸ್ಕೋದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಸುತ್ತಿಗೆ ಬೀಸುವ ಕೆಲಸಗಾರರ ಚಲನೆಗಳನ್ನು ಛಾಯಾಚಿತ್ರಗಳ ಮೂಲಕ ಅಭ್ಯಸಿಸಿದರು. ಕೀಲುಗಳ ದಾರಿ ಪ್ರತಿ ಏಟಿಗೂ ತುಸು ಬೇರೆಯಾಗಿದ್ದರೂ ಸುತ್ತಿಗೆ ತನ್ನ ಗುರಿಯನ್ನು ಸೇರುತ್ತಿತ್ತು. ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆ ಮದ್ದಳೆಗಳು ಭಾಗವತರ ಪದಕ್ಕೆ ಹೊಂದಿಕೊಳ್ಳುವಂತೆ, ಒಂದು ಕೀಲಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತಿತ್ತು.

ಪಾರ್ಶ್ವವಾಯು ಕೆಡಿಸುವುದು ಈ ಮೇಳವನ್ನೇ. ಮೆದುಳಿನ ರಕ್ತನಾಳ ಮುಚ್ಚಿದಾಗ ಅಥವಾ ಒಡೆದಾಗ ಸಾಯುವುದು ಕೈಯ ಸ್ನಾಯುಗಳಲ್ಲ, ಅವುಗಳನ್ನು ಆಳುವ ಮೆದುಳಿನ ಕೋಶಗಳು. ಮೊದಲು ಸೋತು ಜೋಲುವ ಕೈ, ಅನೇಕರಲ್ಲಿ, ಕೆಲವು ವಾರಗಳ ಬಳಿಕ ಬಿಗಿಯತೊಡಗುತ್ತದೆ. ರೋಗಿಯು ಲೋಟದತ್ತ ಕೈ ಚಾಚಲು ಹೊರಟರೆ ಭುಜ ಮೇಲೇರುತ್ತದೆ, ಮೊಣಕೈ ಮಡಚುತ್ತದೆ, ಬೆರಳುಗಳು ಮುಷ್ಟಿಯಾಗುತ್ತವೆ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಚಿಕಿತ್ಸಕಿ ಸಿಗ್ನೆ ಬ್ರುನ್‌ಸ್ಟ್ರಾಮ್, ಹೀಗೆ ಕಟ್ಟುಬಿದ್ದ ಚಲನೆಯನ್ನೂ ಅದರಿಂದ ಬಿಡಿಸಿಕೊಳ್ಳುವ ಹಂತಗಳನ್ನೂ ವಿವರಿಸಿ 1970ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಇಟಲಿ ಮತ್ತು ಅಮೆರಿಕದ ಸಂಶೋಧಕರು, ಇ.ಸಿ.ಜಿ. ತೆಗೆಯುವಾಗ ಎದೆಗೆ ಅಂಟಿಸುವಂತಹ ಎಲೆಕ್ಟ್ರೋಡುಗಳನ್ನು 31 ರೋಗಿಗಳ ತೋಳುಗಳಿಗೆ ಅಂಟಿಸಿ, ಸ್ನಾಯುಗಳಿಂದ ಹೊಮ್ಮುವ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ದೌರ್ಬಲ್ಯ ಹೆಚ್ಚಿದ್ದವರಲ್ಲಿ, ಬೇರೆಬೇರೆಯಾಗಿರಬೇಕಾದ ಮೇಳಗಳು ಒಂದರೊಳಗೊಂದು ಬೆರೆತಿದ್ದವೆಂದು 2012ರಲ್ಲಿ ವರದಿ ಮಾಡಿದರು.

ಇದರಿಂದ ನಾವು ತಿಳಿಯಬೇಕಾದುದೇನು? ಬಲವೊಂದೇ ಚಿಕಿತ್ಸೆಯ ಗುರಿಯಲ್ಲ. ಬೆರೆತುದನ್ನು ಬಿಡಿಸುವುದೂ ಗುರಿಯೇ. ರಬ್ಬರ್ ಚೆಂಡನ್ನು ಹಿಸುಕುತ್ತಿದ್ದರೆ ಮುಷ್ಟಿ ಕಟ್ಟುವ ಅಭ್ಯಾಸವಾದೀತೇ ಹೊರತು ಬೆರಳು ಬಿಡಿಸುವ ಅಭ್ಯಾಸವಾಗದು. ಲೋಟವನ್ನು ಹಿಡಿದು ಬಿಡುವುದು, ಮೇಜು ಒರೆಸುವುದು, ಅಂಗಿಯ ಗುಂಡಿ ಹಾಕುವುದು ಮುಂತಾದ ನಿತ್ಯದ ಕೆಲಸಗಳನ್ನು ಚಿಕಿತ್ಸಕರ ಸಲಹೆಯಂತೆ ದಿನವೂ ಅನೇಕ ಬಾರಿ ಮಾಡಿಸಬೇಕು. ಕೈ ಚಾಚುವ ಬದಲು ರೋಗಿಯು ಬೆನ್ನನ್ನೇ ಮುಂದಕ್ಕೆ ಬಾಗಿಸದಂತೆ ನೋಡಿಕೊಳ್ಳಬೇಕು. ಸೋತ ಕೈಯನ್ನು ಜಗ್ಗಿ ಎಬ್ಬಿಸಲಾಗದು. ಭುಜದ ಕೀಲಿಗೆ ಪೆಟ್ಟಾದೀತು.

ಚಿಕ್ಕ ಮನೆ, ಗಂಡ ಹೆಂಡತಿ ಇಬ್ಬರೂ ದುಡಿಯಬೇಕಾದ ಸಂಸಾರ. ಹೀಗಿರುವಾಗ ಹಿರಿಯರನ್ನು ಊರಿಗೆ ಕಳುಹಿಸೋಣವೆಂಬ ಯೋಚನೆ ನಮ್ಮವರಲ್ಲಿ ಮೂಡುವುದು ಸಹಜ. ಆದರೆ ಚೇತರಿಕೆ ಅತ್ಯಂತ ವೇಗವಾಗಿರುವುದು ಸಾಮಾನ್ಯವಾಗಿ ಮೊದಲ ಮೂರು ತಿಂಗಳುಗಳಲ್ಲಿ. ಊರಿನಲ್ಲಿ ಫಿಸಿಯೋಥೆರಪಿ ದೊರೆಯುವುದೇ ಎಂದು ವಿಚಾರಿಸದೆ ಕಳುಹಿಸಿದರೆ ಆ ಅಮೂಲ್ಯ ಕಾಲ ಹಾಸಿಗೆಯಲ್ಲಿಯೇ ಕಳೆದುಹೋಗುತ್ತದೆ. ಮುಂಬಯಿಯ ಹಾಜಿ ಅಲಿಯಲ್ಲಿ ಇಂತಹ ಚಿಕಿತ್ಸೆಗೆಂದೇ 1955ರಲ್ಲಿ ಆರಂಭವಾದ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆಯಿದೆ. ಮೂರು ತಿಂಗಳು ಕಳೆದವರೂ ನಿರಾಶರಾಗಬೇಕಾಗಿಲ್ಲ. ಸುಧಾರಣೆ ನಿಧಾನವಾದರೂ ನಿಲ್ಲುವುದಿಲ್ಲ. ಮನೆಯವರು ತುತ್ತು ಕಲಸಿ ಬಾಯಿಗಿಡುವುದು ಪ್ರೀತಿ. ರೋಗಿಯ ಕೈಯೇ ತಟ್ಟೆಯಿಂದ ಬಾಯಿಯವರೆಗೆ ಸಾಗುವ ತನಕ ತಾಳ್ಮೆಯಿಂದ ಕಾಯುವುದು ಅದಕ್ಕಿಂತ ದೊಡ್ಡ ಪ್ರೀತಿ.